ಏಕಶಿಲೆಯ ಮೇಲೊಂದು ಮಿಥ್ಯಾಯಂತ್ರ

ತುಮಕೂರು ಜಿಲ್ಲೆಯ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಅದರಲ್ಲಿ ಹತ್ತು ತಾಲ್ಲೂಕುಗಳು ಕಾಣುವುವು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕೂ ಆ ಹತ್ತರಲ್ಲಿಯೇ ಸೇರಿವೆ. ಮಧುಗಿರಿ ಎಂಬ ಹೆಸರಿನ ಜಿಲ್ಲೆಯೊಂದು ಕಂದಾಯದ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಆದರೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯನ್ನು ತೆಗೆದು ನೋಡಿರಿ: ತುಮಕೂರು ಒಂದು ಜಿಲ್ಲೆ, ಮಧುಗಿರಿ ಮತ್ತೊಂದು ಜಿಲ್ಲೆ! ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31. ಶೈಕ್ಷಣಿಕ ಜಿಲ್ಲೆಗಳು 35. ಹೆಚ್ಚಿನ ನಾಲ್ಕರಲ್ಲಿ ಮಧುಗಿರಿಯೂ ಒಂದು. ಅದಕ್ಕೆ ತನ್ನದೇ ಆದ ಉಪನಿರ್ದೇಶಕರ ಕಚೇರಿಯುಂಟು, ತನ್ನದೇ ಆದ ಶಾಲೆಗಳುಂಟು, ಫಲಿತಾಂಶದಲ್ಲಿ ತನ್ನದೇ ಆದ ಸ್ಥಾನವುಂಟು. ಇಲ್ಲದ್ದೆಂದರೆ ನೆಲ ಮಾತ್ರ. ಅದು ನಿಂತಿರುವ ನೆಲ ತುಮಕೂರು ಜಿಲ್ಲೆಯದು. ಆ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗೆ ಈ ಜಿಲ್ಲೆ ಸುಳ್ಳೆಂದು ತೋರುವುದೇ ಇಲ್ಲ. ಅವನ ಅಂಕಪಟ್ಟಿಯ ಮಟ್ಟಿಗೆ ಅದು ನಿಜವಾದ ಜಿಲ್ಲೆಯೇ ಸರಿ.

ಗಣಕಯಂತ್ರಗಳ ಲೋಕದಲ್ಲಿಯೂ ಇಂತಹುದೊಂದು ಏರ್ಪಾಡು ಇದೆ. ಅದಕ್ಕೆ ವರ್ಚುಯಲ್ ಮಷೀನ್ ಎಂದು ಹೆಸರು. ಸಮತಲ ದರ್ಪಣದ ಹಿಂದೆ ಕಾಣುವ, ಆದರೆ ಅಲ್ಲಿ ಇಲ್ಲದ ಬಿಂಬವನ್ನು ನಮ್ಮ ಭೌತವಿಜ್ಞಾನದ ಪುಸ್ತಕಗಳು ಮಿಥ್ಯ ಪ್ರತಿಬಿಂಬವೆಂದು ಕರೆಯುವುವಷ್ಟೆ. ಅದೇ ರೀತಿಯಲ್ಲಿ ಇದನ್ನು ಮಿಥ್ಯಾಯಂತ್ರವೆಂದು ಕರೆಯೋಣ. ಒಂದು ನಿಜವಾದ ಗಣಕದ ಒಳಗೆ, ಅದರ ಸ್ಮೃತಿಯಲ್ಲಿ ಒಂದು ಪಾಲನ್ನೂ ತಟ್ಟೆಯಲ್ಲಿ ಒಂದು ಪಾಲನ್ನೂ ಪಡೆದು, ಇನ್ನೊಂದು ಇಡೀ ಗಣಕ ಇರುವಂತೆ ತೋರುವುದು. ಹೊರಗಿನದನ್ನು ಅತಿಥೇಯ ಯಂತ್ರವೆಂದೂ ಒಳಗಿನದನ್ನು ಅತಿಥಿ ಯಂತ್ರವೆಂದೂ ಹೇಳುವುದು ವಾಡಿಕೆ. ಅತಿಥಿಯಲ್ಲಿ ನಡೆಯುವ ಕಾರ್ಯಾಚರಣ ವ್ಯವಸ್ಥೆಗೆ ತಾನು ಇನ್ನೊಬ್ಬರ ಮನೆಯಲ್ಲಿ ತಂಗಿದ್ದೇನೆಂಬ ಅರಿವು ಇರಬೇಕಾದುದಿಲ್ಲ.

ಇದು ಇಂದು ನಿನ್ನೆಯ ಕಲ್ಪನೆಯಲ್ಲ. ಅಮೆರಿಕದ ಐ.ಬಿ.ಎಂ. ಸಂಸ್ಥೆಯವರು 1960ರ ದಶಕದಲ್ಲಿಯೇ ಕೊಠಡಿಯಷ್ಟು ದೊಡ್ಡ ಒಂದೇ ಯಂತ್ರವನ್ನು ಹಲವರಿಗೆ ಹಲವು ಯಂತ್ರಗಳಂತೆ ಹಂಚಿಕೊಡುವ ಉಪಾಯವನ್ನು ಕಂಡುಹಿಡಿದಿದ್ದರು. 1972ರಲ್ಲಿ ಅದನ್ನು ವಿ.ಎಂ./370 ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿದ್ವಾಂಸರು, ಇಂತಹ ಮಿಥ್ಯಾಯಂತ್ರವನ್ನು ಕಟ್ಟಬೇಕಾದರೆ ನಿಜವಾದ ಯಂತ್ರದಲ್ಲಿ ಯಾವ ಗುಣಗಳಿರಬೇಕೆಂಬುದನ್ನು ಗಣಿತದ ಪ್ರಮೇಯದ ರೂಪದಲ್ಲಿ ಬರೆದಿಟ್ಟರು. ನಮ್ಮ ಮೇಜುಗಳ ಮೇಲಿರುವ ಇಂಟೆಲ್ ಜಾತಿಯ ಸಂಸ್ಕಾರಕಗಳಿಗೆ ಆ ಗುಣಗಳು ಬಹುಕಾಲ ಇರಲಿಲ್ಲ. 1999ರಲ್ಲಿ ವಿಎಂವೇರ್ ಎಂಬ ಕಂಪನಿ ಯುಕ್ತಿಯಿಂದ ಆ ಕೊರತೆಯನ್ನು ದಾಟಿತು. 2005ರ ನವೆಂಬರಿನಲ್ಲಿ ಇಂಟೆಲ್ ಕಂಪನಿಯೇ ಸಂಸ್ಕಾರಕದೊಳಗೆ ವಿ.ಟಿ.-ಎಕ್ಸ್ ಎಂಬ ಸೌಕರ್ಯವನ್ನು ಅಳವಡಿಸಿತು. ಇಂದು ಕಾಲೇಜಿನ ಪ್ರಯೋಗಾಲಯದ ಸಾಧಾರಣ ಗಣಕದಲ್ಲಿಯೂ ಅದು ಇದೆ.

ಇದರಿಂದ ನಮಗೇನು ಪ್ರಯೋಜನ ಎಂದು ಕೇಳುವವರು ಇರಬಹುದು. ಕನ್ನಡಿಗರಿಗಂತೂ ವಿಶೇಷವಾದ ಪ್ರಯೋಜನವೊಂದುಂಟು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿ ಅಸಂಖ್ಯಾತ ಕನ್ನಡ ಬರಹಗಳು ತಯಾರಾಗಿವೆ. ಹಳೆಯ ನುಡಿಯ ಕಡತಗಳಲ್ಲಿ ಅಕ್ಷರಗಳನ್ನು ಯೂನಿಕೋಡ್ ಕ್ರಮದಲ್ಲಿ ಇಟ್ಟಿರುವುದಿಲ್ಲ. ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿರುತ್ತಾರೆ. ಆ ಅಚ್ಚಿನ ಮೊಳೆಗಳಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಸಂತೆ. ನುಡಿಯೋ ವಿಂಡೋಸ್ ವ್ಯವಸ್ಥೆಗಾಗಿ ಬರೆದದ್ದು. ನಮ್ಮ ಪ್ರೌಢಶಾಲಾ ಶಿಕ್ಷಕರ ತರಬೇತಿಗಳಲ್ಲಿಯಾದರೋ, 2010ರ ದಶಕದಿಂದ ಈಚೆಗೆ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಬಳಕೆಗೆ ಬಂದಿದೆ. ಲಿನಕ್ಸ್ ಮನೆಯಲ್ಲಿ ವಾಸಮಾಡುತ್ತ ನುಡಿಯ ಹಳೆಯ ಕಡತಗಳನ್ನು ಓದಬೇಕಾದವನಿಗೆ ಮಿಥ್ಯಾಯಂತ್ರ ವರವಿದ್ದಂತೆ: ಲಿನಕ್ಸಿನೊಳಗೆ ಒಂದು ವಿಂಡೋಸ್, ಅದರೊಳಗೆ ನುಡಿ. ಪರಿವರ್ತಕ ತಂತ್ರಾಂಶಗಳೂ ಇವೆ, ನಿಜ. ಆದರೆ ಒತ್ತಕ್ಷರಗಳು ತುಂಬಿದ ನೂರಾರು ಪುಟಗಳನ್ನು ಪರಿವರ್ತಿಸಿದ ಮೇಲೆ ಮೂಲದೊಡನೆ ಒಮ್ಮೆ ಹೋಲಿಸಿ ನೋಡದೆ ಅಚ್ಚಿಗೆ ಕಳುಹಿಸುವ ಧೈರ್ಯ ನಮಗಂತೂ ಇಲ್ಲ.

ಈಗ ಒಂದು ಸನ್ನಿವೇಶವನ್ನು ಭಾವಿಸಿಕೊಳ್ಳೋಣ. ಸಿರಾ ಪಟ್ಟಣದಲ್ಲಿ ಓದುತ್ತಿರುವ ಕಾಲೇಜು ವಿದ್ಯಾರ್ಥಿನಿಯೊಬ್ಬಳು. ಊರು ಕೊರಟಗೆರೆಯ ಕಡೆ, ಸಿದ್ಧರಬೆಟ್ಟದ ತಪ್ಪಲು. ಅವಳ ಅಜ್ಜ ತಮ್ಮ ಹಳ್ಳಿಯ ಹೆಂಗಸರಿಂದ ಕೇಳಿ ಬರೆದುಕೊಂಡಿದ್ದ ಸೋಬಾನೆ ಪದಗಳನ್ನು ತಾಲ್ಲೂಕು ಕಚೇರಿಯ ಎದುರಿನ ಬೆರಳಚ್ಚಿನ ಅಂಗಡಿಯವನು ನುಡಿಯಲ್ಲಿ ಹೊಂದಿಸಿಕೊಟ್ಟಿದ್ದನು. ಕೈಬರಹದ ಪುಸ್ತಕಗಳು ಗೆದ್ದಲ ಪಾಲಾದವು. ಉಳಿದದ್ದು ಆ ಕಡತಗಳು. ಅವಳು ವರ್ಚುಯಲ್‌ಬಾಕ್ಸ್ ಎಂಬ ತಂತ್ರಾಂಶದ ನೆರವಿನಿಂದ ತನ್ನ ಉಬುಂಟು ಗಣಕದಲ್ಲಿ ಮಿಥ್ಯಾಯಂತ್ರವೊಂದನ್ನು ಕಟ್ಟಿ, ರಜೆಯ ದಿನಗಳಲ್ಲಿ ಪದಗಳನ್ನು ತಿದ್ದುತ್ತಿದ್ದಾಳೆ. ಒಂದು ಸಂಜೆ ಗಣಕ ಪರಿಷ್ಕರಣಗಳಿವೆ ಎಂದು ಸೂಚಿಸಿತು. ಒಪ್ಪಿಗೆ ಕೊಟ್ಟು ಮಲಗಿದಳು. ಮರುದಿನ ಗಣಕ ಎಂದಿನಂತೆ ಎದ್ದಿತು, ಮಿಥ್ಯಾಯಂತ್ರ ಮಾತ್ರ ಏಳಲಿಲ್ಲ. ಪರದೆಯ ಮೇಲೆ ಒಂದು ಪೆಟ್ಟಿಗೆ, ಅದರಲ್ಲಿ ಎರಡು ಸಾಲಿನ ಇಂಗ್ಲಿಷು, ಒಂದು ಸಂಖ್ಯೆ. ಮೊದಲ ಭಯ ಏನೆಂದು ಊಹಿಸಬಹುದು: ಪದಗಳು ಹೋದವು!

ಹೋಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಿಥ್ಯಾಯಂತ್ರದ ತಟ್ಟೆಯೆಂಬುದು ಅತಿಥೇಯ ಯಂತ್ರದ ಮಟ್ಟಿಗೆ ಒಂದು ದೊಡ್ಡ ಕಡತ, ಅಷ್ಟೆ. ಯಂತ್ರವನ್ನು ನಡೆಸುವ ತಂತ್ರಾಂಶ ಕೆಟ್ಟರೆ ಆ ಕಡತಕ್ಕೆ ಯಾವ ಬಾಧೆಯೂ ಇಲ್ಲ. ಬಸ್ಸು ಕೆಟ್ಟು ನಿಂತಿತೆಂದು ಮೇಲಿರುವ ಮೂಟೆ ಕರಗುವುದಿಲ್ಲ. ಅಪಾಯವಿರುವುದು ಗಾಬರಿಯಲ್ಲಿ. ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕೋಣವೆಂದು ಹೊರಟು, ಮಿಥ್ಯಾಯಂತ್ರವನ್ನು ತೆಗೆದುಹಾಕುವಾಗ ಅದರ ಕಡತಗಳನ್ನೂ ಅಳಿಸಲೇ ಎಂಬ ಪ್ರಶ್ನೆಗೆ ಹೌದೆಂದು ಒತ್ತಿದರೆ, ಆಗ ಪದಗಳು ನಿಜವಾಗಿಯೂ ಹೋದವು. ಆದುದರಿಂದ ಮೊದಲ ಕೆಲಸ ಆ ದೊಡ್ಡ ಕಡತವನ್ನು ಬೇರೊಂದು ತಟ್ಟೆಗೆ ನಕಲು ಮಾಡಿಕೊಳ್ಳುವುದು. ಆಮೇಲೆ ಚಿಕಿತ್ಸೆ.

ರೋಗವೇನೆಂದು ತಿಳಿಯಬೇಕಾದರೆ ಲಿನಕ್ಸಿನ ತಿರುಳಿನ ರಚನೆಯನ್ನು ಸ್ವಲ್ಪ ನೋಡಬೇಕು. ಕರ್ನಲ್ ಎಂದರೆ ತಿರುಳು. ಸಂಸ್ಕಾರಕ, ಸ್ಮೃತಿ, ತಟ್ಟೆ, ಕೀಲಿಮಣೆ ಇವುಗಳ ಮೇಲೆ ನೇರವಾದ ಅಧಿಕಾರವಿರುವ ಕ್ರಮವಿಧಿ ಇದೊಂದೇ. ಉಳಿದ ಕ್ರಮವಿಧಿಗಳೆಲ್ಲ ಬೇಕಾದುದನ್ನು ಇದರಲ್ಲಿ ಬೇಡಿ ಪಡೆಯಬೇಕು. ಲೈನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಇದನ್ನು ಬರೆದು ಹಂಚತೊಡಗಿದನು. ಮರುವರ್ಷವೇ ಆಂಸ್ಟರ್‌ಡಾಂ ನಗರದ ಪ್ರಾಧ್ಯಾಪಕ ಟಾನೆನ್‌ಬಾಮ್ ಅವರು ಇದನ್ನು ಟೀಕಿಸಿದರು. ಅವರ ಆಕ್ಷೇಪ ಇದರ ಏಕಶಿಲಾ ರಚನೆಗೆ: ತಿರುಳನ್ನು ಸಣ್ಣ ಸಣ್ಣ ಸ್ವತಂತ್ರ ಭಾಗಗಳಾಗಿ ಕಟ್ಟದೆ ಒಂದೇ ಬಂಡೆಯಾಗಿ ಕಟ್ಟುವುದು 1970ರ ದಶಕಕ್ಕೆ ಹಿಂದಿರುಗಿದಂತೆ ಎಂದು ಅವರ ವಾದ.

ಏಕಶಿಲೆಯೆಂದರೆ ಏನೆಂಬುದನ್ನು ಮಧುಗಿರಿಯವರಿಗೆ ವಿವರಿಸಬೇಕಾದುದಿಲ್ಲ. ಊರಿನ ಬೆನ್ನಿಗೆ ನಿಂತಿರುವ ಬೆಟ್ಟವೇ ಒಂದು ಕಲ್ಲು. ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಏಷ್ಯಾಖಂಡದ ಅತಿ ದೊಡ್ಡ ಏಕಶಿಲೆಗಳಲ್ಲಿ ಅದನ್ನು ಎಣಿಸುತ್ತಾರೆ. ಆ ಬಂಡೆಯ ಮೇಲೆ ಕೋಟೆ, ಕೋಟೆಗೆ ಒಂದರ ಮೇಲೊಂದು ಬಾಗಿಲು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು ಎಂದು ಹೆಸರುಗಳು. ಕೆಳಗಿನ ಬಾಗಿಲಲ್ಲಿರುವವನಿಗೆ ಮೇಲಿನವನ ಅಧಿಕಾರವಿಲ್ಲ. ಸಂಸ್ಕಾರಕದಲ್ಲಿಯೂ ಹೀಗೆ ಅಧಿಕಾರದ ಸುತ್ತುಗಳಿವೆ. ಎಲ್ಲಕ್ಕಿಂತ ಒಳಗಿನ ಸೊನ್ನೆಯ ಸುತ್ತಿನಲ್ಲಿ ತಿರುಳು. ಹೊರಗಿನ ಮೂರನೆಯ ಸುತ್ತಿನಲ್ಲಿ ನಮ್ಮ ನಿಮ್ಮ ಕ್ರಮವಿಧಿಗಳು. ವಿ.ಟಿ.-ಎಕ್ಸ್ ಸೌಕರ್ಯವನ್ನು ಎಬ್ಬಿಸುವ ಆಜ್ಞೆಗಳನ್ನು ಸೊನ್ನೆಯ ಸುತ್ತಿನಲ್ಲಿರುವವನು ಮಾತ್ರ ಕೊಡಬಹುದು. ಆದ್ದರಿಂದ ಮಿಥ್ಯಾಯಂತ್ರದ ತಂತ್ರಾಂಶ ಎಷ್ಟೇ ದೊಡ್ಡದಾಗಿರಲಿ, ತನ್ನ ಒಂದು ಸಣ್ಣ ತುಣುಕನ್ನಾದರೂ ತಿರುಳಿನೊಳಗೆ ಸೇರಿಸದೆ ಅದಕ್ಕೆ ಗತಿಯಿಲ್ಲ.

ಲಿನಕ್ಸಿನ ಬಂಡೆ 1995ರ ಹೊತ್ತಿಗೆ ಇದಕ್ಕೆ ಅವಕಾಶ ಮಾಡಿಕೊಟ್ಟಿತು. ಗಣಕ ನಡೆಯುತ್ತಿರುವಾಗಲೇ ಹೊರಗಿನಿಂದ ತಂದು ತಿರುಳಿಗೆ ಜೋಡಿಸಬಹುದಾದ, ಬೇಡವಾದಾಗ ಬಿಚ್ಚಬಹುದಾದ ಇಂತಹ ತುಣುಕಿಗೆ ಮಾಡ್ಯೂಲ್ ಎಂದು ಹೆಸರು, ಘಟಕವೆನ್ನೋಣ. ವರ್ಚುಯಲ್‌ಬಾಕ್ಸಿನ ಮುಖ್ಯ ಘಟಕ ವಿಬಾಕ್ಸ್‌ಡ್ರೈವ್ ಎಂಬುದು. ವಿಎಂವೇರಿನ ಘಟಕಗಳು ವಿಎಂಮಾನ್ ಮತ್ತು ವಿಎಂನೆಟ್. ಒಳಗೆ ಸೇರಿದ ಮೇಲೆ ಘಟಕಕ್ಕೂ ತಿರುಳಿಗೂ ನಡುವೆ ಗೋಡೆಯಿಲ್ಲ. ತಿರುಳಿನ ಪಟ್ಟಿಗಳನ್ನು ಅದು ನೇರವಾಗಿ ಓದುವುದು, ಬರೆಯುವುದು.

ತೊಂದರೆಯ ಬೇರು ಇಲ್ಲಿದೆ. ಒಂದು ಹಾಜರಿ ಪುಸ್ತಕವನ್ನು ನೆನೆದುಕೊಳ್ಳಿರಿ. ಐದನೆಯ ಅಂಕಣದಲ್ಲಿ ಹುಟ್ಟಿದ ದಿನಾಂಕವಿದೆಯೆಂದು ತಿಳಿದ ಗುಮಾಸ್ತನೊಬ್ಬನು ಕಣ್ಣು ಮುಚ್ಚಿ ಐದನೆಯ ಅಂಕಣವನ್ನೇ ನಕಲು ಮಾಡುತ್ತಿದ್ದಾನೆ. ಹೊಸ ವರ್ಷದ ಪುಸ್ತಕದಲ್ಲಿ ಮೂರನೆಯದಾದ ಮೇಲೆ ಹೊಸ ಅಂಕಣವೊಂದು ಸೇರಿತು. ಗುಮಾಸ್ತನು ಈಗ ಹುಟ್ಟಿದ ದಿನವೆಂದು ಊರಿನ ಹೆಸರನ್ನು ಬರೆಯುತ್ತಾನೆ. ಯಂತ್ರಭಾಷೆಗೆ ಇಳಿದ ಘಟಕವೂ ಇಂತಹ ಗುಮಾಸ್ತನೇ. ಯಾವ ಪಟ್ಟಿಯಲ್ಲಿ ಎಷ್ಟನೆಯ ಸ್ಥಾನದಲ್ಲಿ ಏನಿದೆಯೆಂಬುದು ಅದನ್ನು ಯಂತ್ರಭಾಷೆಗೆ ಇಳಿಸುವಾಗಲೇ ಅದರೊಳಗೆ ಕೆತ್ತಿಹೋಗಿರುತ್ತದೆ. ಹೊರಗಿನ ಕ್ರಮವಿಧಿ ಹೀಗೆ ತಪ್ಪಿದರೆ ಅದೊಂದೇ ಬೀಳುವುದು. ತಿರುಳಿನೊಳಗೆ ತಪ್ಪಿದರೆ ಇಡೀ ಗಣಕ ಬೀಳುವುದು. ಅದಕ್ಕಾಗಿ ಪ್ರತಿಯೊಂದು ಘಟಕದ ಮೇಲೂ ಅದು ಯಾವ ತಿರುಳಿಗೆ ತಯಾರಾದದ್ದೆಂಬ ಮುದ್ರೆ ಇರುತ್ತದೆ. ಮುದ್ರೆ ಹೊಂದದಿದ್ದರೆ ತಿರುಳು ಘಟಕವನ್ನು ಹೊಸ್ತಿಲಲ್ಲಿಯೇ ತಡೆಯುವುದು. ತಿರುಳಿನ ಪ್ರತಿಯೊಂದು ಆವೃತ್ತಿಗೂ ಘಟಕಗಳ ಪ್ರತ್ಯೇಕ ಉಗ್ರಾಣ. ಹೊಸ ತಿರುಳು ಬಂದಾಗ ಅದರ ಉಗ್ರಾಣದಲ್ಲಿ ಹೊರಗಿನವರ ಘಟಕಗಳು ಇರುವುದಿಲ್ಲ. ಒಂಬತ್ತು ಹತ್ತು ವಾರಗಳಿಗೊಂದು ಹೊಸ ಆವೃತ್ತಿ ಹೊರಬರುವ ವೇಗದಲ್ಲಿ ಇದೇನು ಅಪರೂಪದ ಪ್ರಸಂಗವಲ್ಲ.

ಪರಿಹಾರ ಸರಳವೆಂದು ತೋರಬಹುದು: ಘಟಕದ ಮೂಲ ಬರಹವನ್ನು ಇಟ್ಟುಕೊಂಡು, ಹೊಸ ತಿರುಳು ಬಂದಾಗಲೆಲ್ಲ ಮತ್ತೊಮ್ಮೆ ಯಂತ್ರಭಾಷೆಗೆ ಇಳಿಸಿದರಾಯಿತು. ಡೆಲ್ ಕಂಪನಿಯ ಎಂಜಿನಿಯರುಗಳು 2003ರಲ್ಲಿ ಈ ಕೆಲಸವನ್ನು ತಾನೇ ತಾನಾಗಿ ಮಾಡುವ ಡಿಕೆಎಂಎಸ್ ಎಂಬ ಸಲಕರಣೆಯನ್ನು ಪ್ರಕಟಿಸಿದರು. ಬಹುಪಾಲು ದಿನಗಳಲ್ಲಿ ಅದು ಸದ್ದಿಲ್ಲದೆ ದುಡಿಯುವುದರಿಂದಲೇ ಅದರ ಹೆಸರನ್ನು ಹೆಚ್ಚು ಮಂದಿ ಕೇಳಿಲ್ಲ. ಅದು ದುಡಿಯಬೇಕಾದರೆ ಹೊಸ ತಿರುಳಿನ ಹೆಡರ್ ಕಡತಗಳು, ಎಂದರೆ ನಾವು ಹೇಳಿದ ಅಂಕಣಗಳ ವಿವರಪಟ್ಟಿ, ಗಣಕದಲ್ಲಿರಬೇಕು. ತಿರುಳನ್ನು ಕಟ್ಟಿದ ಅನುವಾದಕ ತಂತ್ರಾಂಶವೂ ಇರಬೇಕು. 2024ರ ಆರಂಭದಲ್ಲಿ ಉಬುಂಟುವಿನ 22.04ನೆಯ ಆವೃತ್ತಿಗೆ 6.5ನೆಯ ತಿರುಳು ಬಂದಾಗ ಅದನ್ನು ಜಿಸಿಸಿ ಅನುವಾದಕದ 12ನೆಯ ಆವೃತ್ತಿಯಿಂದ ಕಟ್ಟಿದ್ದರು; ಬಳಕೆದಾರರ ಗಣಕಗಳಲ್ಲಿ ಇದ್ದದ್ದು 11ನೆಯದು. ಹೊಸದು ಅರಿತಿದ್ದ ಒಂದು ಸೂಚನೆಯನ್ನು ಹಳೆಯದು ಅರಿಯದೆ, ಅನೇಕರ ಘಟಕಗಳು ಅರ್ಧದಲ್ಲಿಯೇ ನಿಂತವು. 12ನೆಯದನ್ನು ತರಿಸಿಕೊಂಡೊಡನೆ ಎಲ್ಲವೂ ಸರಿಹೋಯಿತು.

ಇದಕ್ಕಿಂತ ಕಷ್ಟದ್ದು ಮೂಲ ಬರಹವೇ ಹಳತಾಗುವುದು. ಅಂಕಣಗಳ ಸ್ಥಾನ ಮಾತ್ರವಲ್ಲ, ಅಂಕಣಗಳ ಹೆಸರೇ ಬದಲಾದರೆ? 2023ರ ಜೂನಿನಲ್ಲಿ ಹೊರಬಂದ 6.4ನೆಯ ತಿರುಳಿನಲ್ಲಿ, ಸಾಧನಗಳ ವರ್ಗವೊಂದನ್ನು ಸೃಷ್ಟಿಸುವ ಕ್ಲಾಸ್ ಕ್ರಿಯೇಟ್ ಎಂಬ ಉಪವಿಧಿಗೆ ಕೊಡಬೇಕಾಗಿದ್ದ ಎರಡು ವಿವರಗಳಲ್ಲಿ ಒಂದನ್ನು ಕೈಬಿಟ್ಟರು. ಎರಡನ್ನೂ ಕೊಡುತ್ತಿದ್ದ ಹೊರಗಿನ ಘಟಕಗಳೆಲ್ಲ ಆ ದಿನದಿಂದ ತಪ್ಪಾದವು. 2025ರ ಮೇ ತಿಂಗಳ 6.15ರಲ್ಲಿ ಕಾಲಸೂಚಕವನ್ನು ನಿಲ್ಲಿಸುವ ಉಪವಿಧಿಯ ಹಳೆಯ ಹೆಸರನ್ನು ತೆಗೆದು ಹೊಸ ಹೆಸರನ್ನು ಮಾತ್ರ ಉಳಿಸಿದರು. ಕೆಲಸ ಅದೇ, ಹೆಸರು ಬೇರೆ. ಆದರೂ ಹಳೆಯ ಹೆಸರಿನಿಂದ ಕೂಗಿದರೆ ಓಗೊಡುವವರಿಲ್ಲ. ಇಂತಹ ಸಂದರ್ಭಗಳಲ್ಲಿ ತಂತ್ರಾಂಶದ ಒಡೆಯರು ತಿದ್ದಿದ ಆವೃತ್ತಿಯನ್ನು ಕೊಡುವವರೆಗೆ ಕಾಯಬೇಕು. ವಿಎಂವೇರಿನ ಘಟಕಗಳನ್ನು ಹೊರಗಿನ ಸ್ವಯಂಸೇವಕರು ಒಡೆಯರಿಗಿಂತ ಮೊದಲೇ ತಿದ್ದಿ ಹಂಚಿರುವುದುಂಟು.

ತಿರುಳಿನವರು ಹೀಗೇಕೆ ಮಾಡುತ್ತಾರೆ? ಅಸಡ್ಡೆಯಿಂದಲ್ಲ. ಹೊರಗಿನ ಕ್ರಮವಿಧಿಗಳು ತಿರುಳನ್ನು ಬೇಡುವ ಕ್ರಮವನ್ನು ಮುರಿಯಬಾರದೆಂಬ ವಿಷಯದಲ್ಲಿ ಟೋರ್ವಾಲ್ಡ್ಸ್ ಅತ್ಯಂತ ನಿಷ್ಠುರರು. ಎಷ್ಟೋ ವರ್ಷಗಳ ಹಿಂದೆ ಕಟ್ಟಿದ ಕ್ರಮವಿಧಿಗಳು ಇಂದಿನ ತಿರುಳಿನ ಮೇಲೂ ನಡೆಯುತ್ತವೆ. ಒಳಗಿನ ಕೂಡುಗೆಗಳಿಗೆ ಮಾತ್ರ ಅಂತಹ ವಚನವಿಲ್ಲ. ತಿರುಳಿನ ಹಿರಿಯ ಕಾರ್ಯಕರ್ತರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರು ಇದನ್ನು ಸಮರ್ಥಿಸಿ ಬರೆದ ಟಿಪ್ಪಣಿ ತಿರುಳಿನ ದಾಖಲೆಗಳಲ್ಲಿಯೇ ಇದೆ. ದೋಷಗಳನ್ನು ತಿದ್ದುವಾಗ, ವೇಗವನ್ನು ಹೆಚ್ಚಿಸುವಾಗ ಒಳಗನ್ನು ಬದಲಿಸುವ ಸ್ವಾತಂತ್ರ್ಯ ಬೇಕು. ನಿಮ್ಮ ಘಟಕ ಕೆಡಬಾರದೆಂದಿದ್ದರೆ ಅದನ್ನು ನಮ್ಮ ಬಂಡೆಯೊಳಗೇ ತಂದು ಸೇರಿಸಿರಿ, ಬದಲಿಸುವವರೇ ಅದನ್ನೂ ತಿದ್ದುವರು ಎಂಬುದು ಅದರ ಸಾರಾಂಶ. ಈ ವಾದದಲ್ಲಿ ನ್ಯಾಯವಿದೆಯೆಂದು ನಮಗೆ ತೋರುತ್ತದೆ. ಆದರೆ ಆ ನ್ಯಾಯದ ಬೆಲೆಯನ್ನು ತೆರುವವರು ಘಟಕ ಬರೆದವರೂ ಅಲ್ಲ, ತಿರುಳು ಬರೆದವರೂ ಅಲ್ಲ. ಪರೀಕ್ಷೆಗೆ ಎರಡು ದಿನವಿರುವಾಗ ಗಣಕದ ಮುಂದೆ ಕುಳಿತ ವಿದ್ಯಾರ್ಥಿಗಳು. ಪರಿಷ್ಕರಣಕ್ಕೆ ಒಪ್ಪಿಗೆ ಕೇಳುವ ಪೆಟ್ಟಿಗೆಯಲ್ಲಿ ತಿರುಳು ಬದಲಾಗುವುದೆಂಬ ಒಂದು ಸಾಲನ್ನು ದೊಡ್ಡದಾಗಿ ಬರೆದರೆ ಏನು ನಷ್ಟವೋ ತಿಳಿಯದು.

ಇಷ್ಟಾದ ಮೇಲೆ ನಮ್ಮ ಸಿರಾದ ವಿದ್ಯಾರ್ಥಿನಿಯ ಬಳಿಗೆ ಹೋಗೋಣ. ಅವಳು ಮೊದಲು ಮಾಡಬೇಕಾದದ್ದು ಪೆಟ್ಟಿಗೆಯಲ್ಲಿರುವ ಮಾತನ್ನು ಮುಚ್ಚಿಬಿಡದೆ ಪೂರ್ತಿಯಾಗಿ ಓದುವುದು. ತಿರುಳಿನ ಚಾಲಕ ಘಟಕ ಸ್ಥಾಪಿತವಾಗಿಲ್ಲ ಎಂಬ ಮಾತೂ ಋಣ 1908 ಎಂಬ ಸಂಖ್ಯೆಯೂ ಇದ್ದರೆ, ವಿಬಾಕ್ಸ್‌ಡ್ರೈವ್ ಘಟಕ ತಿರುಳಿನೊಳಗೆ ಇಲ್ಲವೆಂದು ಅರ್ಥ. ಆಗ ಯುನೇಮ್ ಎಂಬ ಆಜ್ಞೆಯಿಂದ ಈಗ ನಡೆಯುತ್ತಿರುವ ತಿರುಳಿನ ಸಂಖ್ಯೆಯನ್ನು ತಿಳಿದು, ಅದೇ ಸಂಖ್ಯೆಯ ಹೆಡರ್ ಕಡತಗಳನ್ನು ತರಿಸಿ, ಡಿಕೆಎಂಎಸ್‌ಗೆ ಮತ್ತೊಮ್ಮೆ ಕೆಲಸ ಹೇಳಬೇಕು. ಅದು ಸೋತರೆ ಎಲ್ಲಿ ಸೋತೆನೆಂಬುದನ್ನು ದಿನಚರಿಯ ಕಡತದಲ್ಲಿ ಬರೆದಿಡುತ್ತದೆ. ಆ ಕಡತದಲ್ಲಿ ಮೊಟ್ಟಮೊದಲು ಬರುವ ತಪ್ಪನ್ನು ಓದಬೇಕು. ಅನಂತರದ ನೂರು ಸಾಲುಗಳು ಸಾಮಾನ್ಯವಾಗಿ ಮೊದಲನೆಯದರ ಮಕ್ಕಳು ಮೊಮ್ಮಕ್ಕಳು.

ಘಟಕ ತಯಾರಾಗಿದ್ದರೂ ತಿರುಳು ಅದನ್ನು ಒಲ್ಲೆನೆನ್ನುವುದೂ ಉಂಟು. ಬೀಗದ ಕೈಯನ್ನು ನಿರಾಕರಿಸಲಾಗಿದೆ ಎಂಬರ್ಥದ ಮಾತು ಬಂದರೆ ಅದು ಸೆಕ್ಯೂರ್ ಬೂಟ್ ಎಂಬ ಕಾವಲುಗಾರನ ಕೆಲಸ. ಸಹಿಯಿಲ್ಲದ ಘಟಕವನ್ನು ಅವನು ಬಿಡನು. ಗಣಕದ ಒಡೆಯನೇ ಒಂದು ಬೀಗದ ಕೈಯನ್ನು ಸೃಷ್ಟಿಸಿ, ಗಣಕ ಮತ್ತೆ ಏಳುವಾಗ ಬರುವ ನೀಲಿ ಪರದೆಯಲ್ಲಿ ಅದನ್ನು ನೋಂದಾಯಿಸಬೇಕು. ಆ ಪರದೆ ಹತ್ತು ಸೆಕೆಂಡುಗಳಷ್ಟೇ ಕಾಯುವುದು. ಗಣಕ ಏಳಲೆಂದು ಬಿಟ್ಟು ಕಾಫಿ ಕುಡಿಯಲು ಹೋದವರು ಹಿಂದಿರುಗಿ ಬರುವಷ್ಟರಲ್ಲಿ ಅದು ನೋಂದಣಿಯಿಲ್ಲದೆ ಮುಂದೆ ಸಾಗಿರುತ್ತದೆ. ಘಟಕಕ್ಕೆ ಕೈಯಾರೆ ಸಹಿ ಹಾಕಿದವರು ಪ್ರತಿ ಹೊಸ ತಿರುಳಿಗೂ ಆ ಸಹಿಯನ್ನು ಮತ್ತೆ ಹಾಕಬೇಕೆಂಬುದನ್ನು ಮರೆಯಬಾರದು.

ಮೂರನೆಯ ಬಗೆಯೊಂದಿದೆ. ಈಚಿನದು, ಹೆಚ್ಚು ಸ್ವಾರಸ್ಯದ್ದು ಕೂಡ. ಪೆಟ್ಟಿಗೆಯಲ್ಲಿ, ವಿ.ಟಿ.-ಎಕ್ಸ್ ಸೌಕರ್ಯವನ್ನು ಬೇರೊಬ್ಬ ಮಿಥ್ಯಾಯಂತ್ರ ನಿರ್ವಾಹಕನು ಬಳಸುತ್ತಿದ್ದಾನೆ ಎಂಬರ್ಥದ ಮಾತು. ಬೇರೊಬ್ಬ ಯಾರು? ಅವಳಂತೂ ಬೇರೆ ಯಾವುದನ್ನೂ ಹಾಕಿಕೊಂಡಿಲ್ಲ.

ಆ ಬೇರೊಬ್ಬನು ತಿರುಳಿನೊಳಗೆಯೇ ಇದ್ದಾನೆ. 2006ರಲ್ಲಿ ಕುಮ್ರಾನೆಟ್ ಎಂಬ ಕಂಪನಿಯ ಆವಿ ಕಿವಿಟಿ ಅವರು ಕೆವಿಎಂ ಎಂಬ ಘಟಕವನ್ನು ಬರೆದು ತಿರುಳಿನವರ ಮುಂದಿಟ್ಟರು; 2007ರ ಫೆಬ್ರವರಿಯ 2.6.20ನೆಯ ತಿರುಳಿನಲ್ಲಿ ಅದು ಬಂಡೆಯ ಅಂಗವಾಗಿಯೇ ಸೇರಿತು. ಸಂಸ್ಕಾರಕ ವಿ.ಟಿ.-ಎಕ್ಸ್ ಉಳ್ಳದ್ದಾದರೆ ಗಣಕ ಏಳುವಾಗಲೇ ಉಬುಂಟುವಿನಲ್ಲಿ ಕೆವಿಎಂ ತಾನಾಗಿ ಬಂದು ಕೂರುವುದು. ಇಷ್ಟು ವರ್ಷ ಇದರಿಂದ ಯಾರಿಗೂ ಉಪದ್ರವವಿರಲಿಲ್ಲ. ಏಕೆಂದರೆ ಬಂದು ಕುಳಿತರೂ ಅದು ವಿ.ಟಿ.-ಎಕ್ಸ್ ಸೌಕರ್ಯವನ್ನು ಮುಟ್ಟುತ್ತಿರಲಿಲ್ಲ. ಯಾರಾದರೂ ಕೆವಿಎಂ ಮೂಲಕ ಮೊದಲ ಮಿಥ್ಯಾಯಂತ್ರವನ್ನು ಸೃಷ್ಟಿಸಿದಾಗ ಮಾತ್ರ ಅದನ್ನು ಕೈಗೆ ತೆಗೆದುಕೊಳ್ಳುತ್ತಿತ್ತು. ವರ್ಚುಯಲ್‌ಬಾಕ್ಸ್ ಬಂದಾಗ ಸೌಕರ್ಯ ಖಾಲಿಯಿರುತ್ತಿತ್ತು.

2024ರ ನವೆಂಬರ್ 17ರಂದು ಬಂದ 6.12ನೆಯ ತಿರುಳಿನಲ್ಲಿ ಈ ಪದ್ಧತಿ ಬದಲಾಯಿತು. ಕೆವಿಎಂ ಈಗ ಬಂದು ಕೂರುವಾಗಲೇ ಸೌಕರ್ಯವನ್ನು ವಶಪಡಿಸಿಕೊಳ್ಳುವುದು. ಮೊದಲ ಮಿಥ್ಯಾಯಂತ್ರ ಏಳುವಾಗಿನ ವಿಳಂಬ ತಪ್ಪಲೆಂಬುದು ಒಂದು ಕಾರಣ. ಇನ್ನೊಂದು, ಇಂಟೆಲಿನ ಟಿಡಿಎಕ್ಸ್ ಎಂಬ ಹೊಸ ಗುಟ್ಟುಗಾಪಿನ ಏರ್ಪಾಡು: ಅತಿಥಿಯ ಸ್ಮೃತಿಯನ್ನು ಅತಿಥೇಯನೂ ಇಣಿಕಿ ನೋಡದಂತೆ ಕಾಯುವುದು ಅದರ ಉದ್ದೇಶ, ಅದನ್ನು ಸಿದ್ಧಗೊಳಿಸಬೇಕಾದರೆ ಸೌಕರ್ಯ ಮೊದಲೇ ಎದ್ದಿರಬೇಕು. ದೊಡ್ಡ ದೊಡ್ಡ ಗಣಕ ಮಂದಿರಗಳಿಗೆ ಇದು ಒಳ್ಳೆಯದೇ. ಆದರೆ ಸಂಸ್ಕಾರಕದ ಒಂದೊಂದು ಗರ್ಭದಲ್ಲಿಯೂ ಈ ಸೌಕರ್ಯಕ್ಕೆ ಒಮ್ಮೆಗೆ ಒಬ್ಬನೇ ಒಡೆಯ. ಬಾವಿಗೆ ಇರುವುದು ಒಂದೇ ರಾಟೆ. ಕೆವಿಎಂ ಬೆಳಗಾಗುವ ಮೊದಲೇ ಹಗ್ಗ ಕಟ್ಟಿ, ನೀರು ಸೇದದೆ ಸುಮ್ಮನೆ ಹಿಡಿದುಕೊಂಡು ನಿಂತಿದೆ.

ಉಬುಂಟು 24.04ನೆಯ ಆವೃತ್ತಿ 2024ರ ಏಪ್ರಿಲಿನಲ್ಲಿ 6.8ನೆಯ ತಿರುಳಿನೊಡನೆ ಬಂದಿತು. ಅದರ ಭಂಡಾರದಲ್ಲಿದ್ದದ್ದು ವರ್ಚುಯಲ್‌ಬಾಕ್ಸಿನ 7.0ನೆಯ ಶ್ರೇಣಿ. ಮೇಜಿನ ಗಣಕಗಳಿಗೆ ಹೊಸ ಯಂತ್ರಾಂಶಗಳ ಪರಿಚಯವಿರಲೆಂದು ಆರಾರು ತಿಂಗಳಿಗೊಮ್ಮೆ ಹೊಸ ತಿರುಳನ್ನು ಕಳುಹಿಸುವ ಪದ್ಧತಿ ಅದರಲ್ಲಿದೆ. 2025ರ ಫೆಬ್ರವರಿಯಲ್ಲಿ 6.11 ಬಂದಾಗ ಏನೂ ಆಗಲಿಲ್ಲ. ಆಗಸ್ಟಿನಲ್ಲಿ 6.14 ಬಂದಿತು. ಅದು 6.12ನ್ನು ದಾಟಿದ್ದು. ನಿನ್ನೆಯವರೆಗೆ ನಡೆಯುತ್ತಿದ್ದ ಮಿಥ್ಯಾಯಂತ್ರಗಳು ಮರುದಿನ ನಿಂತುವು. ಇಲ್ಲಿ ಘಟಕ ಸರಿಯಾಗಿಯೇ ತಯಾರಾಗಿರುತ್ತದೆ, ಸರಿಯಾಗಿಯೇ ಒಳಗೆ ಸೇರಿರುತ್ತದೆ. ಹೆಡರ್ ಕಡತಗಳನ್ನು ಹತ್ತು ಸಲ ತರಿಸಿದರೂ ಫಲವಿಲ್ಲ. ಪೆಟ್ಟಿಗೆಯ ಮಾತನ್ನು ಓದಿರೆಂದು ನಾವು ಮೇಲೆ ಒತ್ತಿ ಹೇಳಿದುದು ಇದಕ್ಕಾಗಿ.

ಚಿಕಿತ್ಸೆಯೇನೋ ಸುಲಭ. ಕೆವಿಎಂ ಘಟಕವನ್ನು ಬಿಚ್ಚಿಬಿಟ್ಟರೆ ಹಗ್ಗ ಸಡಿಲುವುದು. ಮಾಡ್‌ಪ್ರೋಬ್ ಎಂಬ ಆಜ್ಞೆಗೆ ತೆಗೆಯುವ ಸೂಚನೆಯನ್ನು ಸೇರಿಸಿ, ಇಂಟೆಲ್ ಸಂಸ್ಕಾರಕವಾದರೆ ಕೆವಿಎಂ ಇಂಟೆಲ್, ಎ.ಎಂ.ಡಿ. ಆದರೆ ಕೆವಿಎಂ ಎಎಂಡಿ ಎಂಬ ಘಟಕವನ್ನು ಹೆಸರಿಸಬೇಕು. ಇದು ಗಣಕವನ್ನು ಮುಚ್ಚುವವರೆಗಿನ ಉಪಶಮನ. ಶಾಶ್ವತವಾಗಿ ಬೇಕೆಂದರೆ, ತಿರುಳು ಏಳುವಾಗ ಓದುವ ಸೂಚನೆಗಳ ಸಾಲಿನಲ್ಲಿ ಕೆವಿಎಂ, ಚುಕ್ಕೆ, ಆಮೇಲೆ ಎನೇಬಲ್, ವರ್ಟ್, ಅಟ್, ಲೋಡ್ ಎಂಬ ನಾಲ್ಕು ಪದಗಳನ್ನು ನಡುವೆ ಅಡಿಗೆರೆಯಿಟ್ಟು ಬರೆದು, ಸಮಚಿಹ್ನೆ ಹಾಕಿ, ಸೊನ್ನೆ ಬರೆಯಬೇಕು. ಆಗ ಕೆವಿಎಂ 6.12ಕ್ಕೆ ಹಿಂದಿನ ತನ್ನ ಸೌಜನ್ಯಕ್ಕೆ ಮರಳುವುದು: ಬಂದು ಕೂರುವುದು, ಕೇಳಿದ ಹೊರತು ಮುಟ್ಟದು. ಕೆವಿಎಂ ಬಿಚ್ಚುವುದಕ್ಕಿಂತ ಈ ಎರಡನೆಯ ಮಾರ್ಗವೇ ನಮಗೆ ಹಿಡಿಸುವುದು, ಏಕೆಂದರೆ ಮುಂದೊಮ್ಮೆ ಕೆವಿಎಂ ಬೇಕಾದರೆ ಅದು ಅಲ್ಲಿಯೇ ಇರುತ್ತದೆ. ಈ ಜಗಳಕ್ಕೆ ಮೂಲದಲ್ಲಿಯೇ ಸಂಧಾನವೂ ಆಗಿದೆ: 2025ರ ಜುಲೈಯಲ್ಲಿ ಬಂದ 6.16 ಅಥವಾ ಅದಕ್ಕಿಂತ ಹೊಸ ತಿರುಳಿದ್ದರೆ, ವರ್ಚುಯಲ್‌ಬಾಕ್ಸಿನ 7.2ನೆಯ ಶ್ರೇಣಿ ಸೌಕರ್ಯವನ್ನು ಕೆವಿಎಂ ಕೈಯಿಂದಲೇ ಕೇಳಿ ಪಡೆಯುವುದು.

ಇವಾವುದಕ್ಕೂ ಆ ದಿನ ಸಮಯವಿಲ್ಲದವರಿಗೆ ಒಂದು ಅಡ್ಡದಾರಿ ಇದೆ. ಹೊಸ ತಿರುಳು ಬಂದಾಗ ಉಬುಂಟು ಹಿಂದಿನದನ್ನು ಕೂಡಲೇ ಎಸೆಯುವುದಿಲ್ಲ. ಗಣಕ ಏಳುವ ಕ್ಷಣದಲ್ಲಿ ಗ್ರಬ್ ಎಂಬ ಆಯ್ಕೆಪಟ್ಟಿಯನ್ನು ತೆರೆದು, ಹೆಚ್ಚಿನ ಆಯ್ಕೆಗಳೆಂಬ ಸಾಲಿನೊಳಗೆ ಹೋಗಿ, ನಿನ್ನೆಯ ತಿರುಳನ್ನು ಆರಿಸಿಕೊಂಡರೆ, ನಿನ್ನೆಯ ಘಟಕಗಳ ಉಗ್ರಾಣವೂ ಅದರೊಡನೆ ಬರುವುದು; ಮಿಥ್ಯಾಯಂತ್ರ ಏನೂ ಆಗಿಲ್ಲವೆಂಬಂತೆ ಏಳುವುದು. ಪಾವಗಡದ ಹಳ್ಳಿಯಲ್ಲಿ ಮೊಬೈಲಿನ ಅಂತರ್ಜಾಲವನ್ನೇ ನೆಚ್ಚಿಕೊಂಡು ಕುಳಿತ ವಿದ್ಯಾರ್ಥಿಗೆ ಒಂದು ಅಕ್ಷರವನ್ನೂ ಹೊರಗಿನಿಂದ ತರಿಸದೆ ಮಾಡಬಹುದಾದ ಚಿಕಿತ್ಸೆ ಇದು. ಆದರೆ ಹೊಸ ತಿರುಳಿನಲ್ಲಿ ಭದ್ರತೆಯ ತಿದ್ದುಪಡಿಗಳಿರುತ್ತವೆ; ಹಳೆಯದರಲ್ಲಿ ವಾರಗಟ್ಟಲೆ ಕಾಲ ಕಳೆಯುವುದು ಸಲ್ಲದು.

ಇನ್ನು ಕೆಲವರು ಈ ಗೋಜೇ ಬೇಡವೆಂದು ಕೆವಿಎಂ ಕಡೆಗೆ ವಲಸೆ ಹೋಗುವರು. ಅದು ಬಂಡೆಯ ಅಂಗವಾದುದರಿಂದ ತಿರುಳಿನೊಡನೆಯೇ ಬೆಳೆಯುವುದು. ಒಳಗಿನ ಉಪವಿಧಿಯ ಹೆಸರು ಬದಲಿಸುವವರು ಅದೇ ದಿನ ಕೆವಿಎಂ ಬರಹದಲ್ಲಿಯೂ ಬದಲಿಸುವರು. ವರ್ಚುಯಲ್‌ಬಾಕ್ಸಿನ ತಟ್ಟೆಯ ಕಡತವನ್ನು ಕೆವಿಎಂ ಒಪ್ಪುವ ರೂಪಕ್ಕೆ ತರಲು ಕ್ಯೂಎಂಯು ಬಳಗದ ಸಲಕರಣೆಯೊಂದಿದೆ. ಅದು ಮೂಲವನ್ನು ಮುಟ್ಟದೆ ಹೊಸ ಕಡತವನ್ನೇ ಬರೆಯುವುದರಿಂದ ತಟ್ಟೆಯಲ್ಲಿ ಅಷ್ಟು ಸ್ಥಳವಿರಬೇಕು. ಒಳಗಿನ ವಿಂಡೋಸಿಗೆ ಮಾತ್ರ ಈ ಸ್ಥಳಾಂತರ ಒಂದು ಸಣ್ಣ ಆಘಾತ: ಮಲಗಿದ್ದಾಗ ಇದ್ದ ತಾಯಿಹಲಗೆ, ಜಾಲಪತ್ರ, ತಟ್ಟೆಯ ನಿಯಂತ್ರಕ ಇವೆಲ್ಲ ಎದ್ದಾಗ ಬೇರೆಯಾಗಿರುತ್ತವೆ. ತಟ್ಟೆಯನ್ನು ಮೊದಲಿಗೆ ಹಳೆಯ ಸಾಟಾ ಕ್ರಮದಲ್ಲಿಯೇ ಜೋಡಿಸಿದರೆ ವಿಂಡೋಸ್ ಅದನ್ನು ಗುರುತಿಸಿ ಏಳುವುದು. ಅನಂತರ ನುಡಿಯನ್ನು ತೆರೆದು, ಅಜ್ಜನ ಕಡತಗಳಲ್ಲಿ ಯಾವುದಾದರೊಂದನ್ನು ಕೊನೆಯ ಪುಟದವರೆಗೂ ಉರುಳಿಸಿ, ಒತ್ತಕ್ಷರಗಳು ತಮ್ಮ ತಮ್ಮ ಜಾಗದಲ್ಲಿವೆಯೇ ಎಂದು ನೋಡುವ ಮುನ್ನ ಹಳೆಯ ಕಡತವನ್ನು ಅಳಿಸಬಾರದು.